ಗೂರಲು: ಒಂದು ಯಾಪ್ಯವ್ಯಾಧಿಯ ವಿಚಾರ

ಉಸಿರಾಟವು ಪ್ರಾಣಿಮಾತ್ರಕ್ಕೆ ಸಹಜವಾದುದು. ಸಹಜವಾದುದರಿಂದಲೇ ಅದರ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಮನುಷ್ಯನು ಒಂದು ಹಗಲಿರುಳಿನಲ್ಲಿ 21,600 ಸಲ ಉಸಿರಾಡುವನೆಂದು ಯೋಗಗ್ರಂಥಗಳು ಗಣಿಸಿವೆ. ನಿಮಿಷಕ್ಕೆ 15ರಂತೆ ಲೆಕ್ಕ ಹಾಕಿದರೆ ಸರಿಯಾಗಿ ಇಷ್ಟೇ ಬರುತ್ತದೆ. ಸುಮ್ಮನೆ ಕುಳಿತ ಆರೋಗ್ಯವಂತ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವನೆಂಬ ಇಂದಿನ ವೈದ್ಯರ ಮಾತಿಗೂ ಅದು ಹೊಂದುತ್ತದೆ. ಈ ಸಾವಿರಾರು ಉಸಿರುಗಳಲ್ಲಿ ಒಂದೊಂದನ್ನೂ ದುಡಿದು ಗಳಿಸಬೇಕಾದ ಸ್ಥಿತಿ ಯಾರಿಗೆ ಒದಗುವುದೋ ಅವರೇ ಗೂರಲಿನ ರೋಗಿಗಳು.

ವ್ಯಾಕರಣ, ಛಂದಸ್ಸುಗಳನ್ನು ಹೇಳಿಕೊಡುವವನು ವೈದ್ಯವಿಷಯಕ್ಕೆ ಕೈಹಾಕಿದುದೇಕೆ ಎಂದು ಓದುಗರಾದ ಗುರುಬಂಧುಗಳು ಕೇಳಬಹುದು. ಚಿಕಿತ್ಸೆ ವೈದ್ಯರ ಕೆಲಸ. ಅದರಲ್ಲಿ ನನಗೆ ಅಧಿಕಾರವಿಲ್ಲ. ಆದರೆ ರೋಗದ ಬಗೆಗೆ ಜನರಿಗಿರುವ ತಿಳಿವಳಿಕೆಯು ಮಾತಿನಲ್ಲಿ ನೆಲೆಸಿರುತ್ತದೆ. ಮಾತು ಅರೆಯಾದರೆ ಉಪಚಾರವೂ ಅರೆಯಾಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಿಂದ ಬಂದ ಮಕ್ಕಳ ನಡುವೆ ಬಾಳುತ್ತಿರುವ ನಮಗೆ ಇದು ಪುಸ್ತಕದ ವಿಷಯ ಮಾತ್ರವಾಗಿ ಉಳಿದಿಲ್ಲ.

ಹೆಸರುಗಳಲ್ಲಿ ಅಡಗಿದ ಕೊರತೆ

ನಮ್ಮ ಜನ ಈ ರೋಗವನ್ನು ನಾಲ್ಕು ಹೆಸರುಗಳಿಂದ ಕರೆಯುತ್ತಾರೆ. ‘ಗೂರಲು’ ಎಂಬುದು ಎದೆಯೊಳಗಿನ ಗುರುಗುರು ಸದ್ದನ್ನೇ ಕಿವಿಗೆ ತರುವ ಮಾತು. ‘ಉಬ್ಬಸ’ ಎಂಬ ಶಬ್ದ ಹಳಗನ್ನಡ ಕಾವ್ಯಗಳಲ್ಲಿ ಸಂಕಟ, ಬಳಲಿಕೆ ಎಂಬರ್ಥದಲ್ಲಿ ಬಂದಿದೆ. ‘ದಮ್ಮು’ ಎಂಬುದು ಉಸಿರೆಂಬ ಅರ್ಥದ ಪಾರಸಿ ಶಬ್ದದಿಂದ ಬಂದುದು. ಬಹಮನಿ, ಆದಿಲಶಾಹಿ ಅರಸರ ಆಳಿಕೆಯನ್ನು ಕಂಡ ನಮ್ಮ ಸೀಮೆಯಲ್ಲಿ ಅದು ಮನೆಮಾತಾಗಿರುವುದು ಸಹಜ. ‘ಅಸ್ತಮಾ’ ಎಂಬುದು ಗ್ರೀಕ್ ಮೂಲದ ಶಬ್ದ. ಏದುಸಿರೆಂಬುದೇ ಅದರ ಅರ್ಥ. ಸೂರ್ಯನ ಅಸ್ತಮಾನದೊಡನೆ ಅದಕ್ಕೆ ಧ್ವನಿಸಾಮ್ಯವುಂಟೇ ಹೊರತು ಸಂಬಂಧವಿಲ್ಲ.

ಈ ನಾಲ್ಕು ಹೆಸರುಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾಲ್ಕೂ ರೋಗದ ಏರಿಕೆಯನ್ನು ಹೇಳುತ್ತವೆ. ಏರಿಕೆ ಇಳಿದ ಮೇಲಿನ ಸ್ಥಿತಿಗೆ ಅವುಗಳಲ್ಲಿ ಹೆಸರಿಲ್ಲ. ಉಸಿರು ಹತ್ತಿದಾಗ ‘ದಮ್ಮು ಬಂತು’ ಎನ್ನುತ್ತೇವೆ. ಸರಾಗವಾದೊಡನೆ ‘ದಮ್ಮು ಹೋಯಿತು’ ಎನ್ನುತ್ತೇವೆ. ಬಂದು ಹೋಗುವ ನೆಂಟನೆಂದು ನಾವು ತಿಳಿದಿರುವ ಇದು ವಾಸ್ತವವಾಗಿ ಮನೆಯಲ್ಲಿಯೇ ಸದ್ದಿಲ್ಲದೆ ಕುಳಿತ ವ್ಯಾಧಿ. ಈ ಒಂದು ತಿಳಿವಳಿಕೆಯ ಕೊರತೆಯಿಂದಲೇ ಅನೇಕ ಕೇಡುಗಳು ಹುಟ್ಟುತ್ತವೆ.

ಚರಕನ ಮಾತು

ನಮ್ಮ ಪ್ರಾಚೀನರಿಗೆ ಈ ಸೂಕ್ಷ್ಮ ತಿಳಿದಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಶ್ವಾಸರೋಗವನ್ನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯಾಗಿ ವಿಭಾಗಿಸಿದೆ. ಇವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಇಂದಿನ ಅಸ್ತಮಾದ ಲಕ್ಷಣಗಳಿಗೆ ಬಹುಮಟ್ಟಿಗೆ ಹೊಂದುತ್ತವೆ. ರೋಗಿಗೆ ಮಲಗಲಾಗದು, ಕುಳಿತರೆ ತುಸು ಸುಖ. ಗಂಟಲಲ್ಲಿ ಘುರ್ಘುರ ಶಬ್ದ. ಕಫ ಹೊರಬಿದ್ದರೆ ಗಳಿಗೆಯ ನೆಮ್ಮದಿ. ಮೋಡ ಕವಿದಾಗ, ಮಳೆಯಾದಾಗ, ಚಳಿಯಲ್ಲಿ, ಮೂಡುಗಾಳಿಗೆ ಉಲ್ಬಣ. ಈ ವಿವರಗಳನ್ನು ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕುಳಿತು ನೋಡಿದವರು ಮಾತ್ರ ಬರೆಯಬಲ್ಲರು.

ಮೋಡದ ಮಾತನ್ನು ಕವಿಸಮಯವೆಂದು ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ 21ರಂದು ಗುಡುಗು ಸಹಿತ ಬಿರುಗಾಳಿ ಬೀಸಿದಾಗ ಸಾವಿರಾರು ಜನ ಏಕಕಾಲಕ್ಕೆ ಉಸಿರು ಕಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು. 10 ಜನ ಅಸುನೀಗಿದರು. ಹುಲ್ಲಿನ ಪರಾಗವು ತೇವಕ್ಕೆ ಒಡೆದು ಅತಿಸೂಕ್ಷ್ಮ ಕಣಗಳಾಗಿ ಶ್ವಾಸಕೋಶದ ಒಳತುದಿಯವರೆಗೆ ಇಳಿದುದೇ ಕಾರಣವೆಂದು ವಿಜ್ಞಾನಿಗಳು ವಿವರಿಸಿದ್ದಾರೆ.

ಚರಕನು ತಮಕಶ್ವಾಸವನ್ನು ‘ಯಾಪ್ಯ’ವೆಂದು ಕರೆದಿದ್ದಾನೆ. ಹೊಸತಾಗಿ ಹುಟ್ಟಿದಾಗ ಸಾಧ್ಯವೆಂದೂ ಒಪ್ಪಿದ್ದಾನೆ. ವಾಸಿಯಾಗುವುದು ಸಾಧ್ಯ, ವಾಸಿಯಾಗದೆ ಕೊಲ್ಲುವುದು ಅಸಾಧ್ಯ. ಇವೆರಡರ ನಡುವಿನದು ಯಾಪ್ಯ. ಎಂದರೆ, ಬೇರುಸಹಿತ ಕೀಳಲಾಗದಿದ್ದರೂ ನಿರಂತರ ಚಿಕಿತ್ಸೆಯಿಂದ ಅಂಕೆಯಲ್ಲಿಟ್ಟು ಸುಖವಾಗಿ ಬಾಳಬಹುದಾದ ರೋಗ. ಸುಶ್ರುತಸಂಹಿತೆಯು ಯಾಪ್ಯರೋಗದ ಚಿಕಿತ್ಸೆಯನ್ನು ಬೀಳಲಿರುವ ಮನೆಗೆ ಕೊಟ್ಟ ಆಸರೆಗಂಬಕ್ಕೆ ಹೋಲಿಸುತ್ತದೆ. ಮಾಳಿಗೆಯ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಲೆ ಬಾಗಿದೆಯೆಂದು ಕಂಬ ಕೊಟ್ಟಿರುತ್ತೇವೆ. ಕಂಬವಿರುವವರೆಗೆ ಮೇಲ್ಮುದ್ದೆ ಕದಲದು. ಕದಲಲಿಲ್ಲವೆಂದು ಕಂಬವನ್ನೇ ತೆಗೆದರೆ ಆಗುವುದೇನು? ಇಂದಿನ ವೈದ್ಯರು ‘ದೀರ್ಘಕಾಲಿಕ ರೋಗ’ವೆಂದು ಹೇಳುವುದೂ ಇದನ್ನೇ.

ಎದೆಯೊಳಗೆ ನಡೆಯುವುದೇನು?

ಗಂಟಲಿನಿಂದ ಇಳಿದ ಶ್ವಾಸನಾಳವು ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳನ್ನು ಹೊಕ್ಕು, ಮತ್ತೆ ಮತ್ತೆ ಕವಲೊಡೆಯುತ್ತ, ತಲೆಕೆಳಗಾಗಿ ನಿಂತ ಮರದಂತೆ ಹರಡುತ್ತದೆ. ಅತಿ ಸಣ್ಣ ಕೊಂಬೆಗಳ ತುದಿಯಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ರಕ್ತವು ಪ್ರಾಣವಾಯುವನ್ನು ಪಡೆಯುವುದು ಅಲ್ಲಿ.

ಅಸ್ತಮಾದಲ್ಲಿ ಕೆಡುವುದು ಗಾಳಿಗೂಡಲ್ಲ, ಅದಕ್ಕೆ ಗಾಳಿ ಒಯ್ಯುವ ದಾರಿ. ಮೂರು ವಿಕಾರಗಳು ಒಟ್ಟಿಗೆ ಕೂಡುತ್ತವೆ. ನಾಳದ ಒಳಪೊರೆ ಕೆಂಪೇರಿ ಊದಿಕೊಳ್ಳುತ್ತದೆ. ನಾಳವನ್ನು ಸುತ್ತಿಕೊಂಡ ಸ್ನಾಯುಗಳು ಹಿಂಡಿದಂತೆ ಬಿಗಿಯುತ್ತವೆ. ಅಂಟಾದ ಕಫ ಹೆಚ್ಚಾಗಿ ಒಸರಿ ಉಳಿದ ದಾರಿಯನ್ನೂ ಮುಚ್ಚುತ್ತದೆ. ಉಸಿರನ್ನು ಒಳಗೆ ಎಳೆಯುವಾಗ ಎದೆ ಅಗಲಿಸುವುದರಿಂದ ನಾಳವೂ ತುಸು ತೆರೆಯುತ್ತದೆ, ಹೊರಬಿಡುವಾಗ ಕುಗ್ಗುತ್ತದೆ. ಆದುದರಿಂದ ರೋಗಿಗೆ ಉಸಿರನ್ನು ಬಿಡುವುದೇ ಹೆಚ್ಚು ಕಷ್ಟ. ಕೊಳಲಿನ ಕಿರುರಂಧ್ರದಲ್ಲಿ ಗಾಳಿ ಹಾದಂತೆ ಸುಯ್ಯೆಂಬ ಸಿಳ್ಳು ಹುಟ್ಟುವುದು ಆಗ.

ಸ್ನಾಯುವಿನ ಬಿಗಿತವು ಮದ್ದಿನಿಂದ ಕೆಲವೇ ನಿಮಿಷಗಳಲ್ಲಿ ಸಡಿಲುತ್ತದೆ. ಒಳಪೊರೆಯ ಉರಿಯೂತವಾದರೋ ಹಾಗಲ್ಲ. ರೋಗಿ ನಗುತ್ತ ಓಡಾಡುತ್ತಿರುವ ದಿನಗಳಲ್ಲಿಯೂ ಅದು ಬೂದಿ ಮುಚ್ಚಿದ ಕೆಂಡದಂತೆ ಇದ್ದೇ ಇರುತ್ತದೆ. ಧೂಳೋ ಹೊಗೆಯೋ ನೆಗಡಿಯೋ ತಗಲಿದೊಡನೆ ಭುಗಿಲೆನ್ನುತ್ತದೆ. ಮೇಲೆ ಹೇಳಿದ ಹೆಸರುಗಳಿಗೆ ನಿಲುಕದ ರೋಗವೆಂದರೆ ಇದೇ.

ಇದು ಕ್ಷಯವಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ವಂಶದಲ್ಲಿ ಇಂಥ ಪ್ರವೃತ್ತಿ ಹರಿದುಬರುವುದುಂಟು. ಹಾಗೆಂದು ರೋಗಿಯ ಮಕ್ಕಳಿಗೆಲ್ಲ ಬಂದೇ ತೀರುವುದೆಂದಲ್ಲ. ಬಹುಕಾಲ ಬೀಡಿ ಸೇದಿದವರಿಗೆ, ಒಲೆಯ ಹೊಗೆ ಕುಡಿದ ತಾಯಂದಿರಿಗೆ ಇಳಿವಯಸ್ಸಿನಲ್ಲಿ ಬರುವ ಶ್ವಾಸಕೋಶದ ಸವೆತ ಬೇರೆ ರೋಗ. ಅದನ್ನೂ ನಾವು ದಮ್ಮೆಂದೇ ಕರೆಯುತ್ತೇವೆ. ಎರಡನ್ನೂ ಬೇರ್ಪಡಿಸಿ ಹೇಳಲು ವೈದ್ಯರು ಯಂತ್ರದಲ್ಲಿ ಊದಿಸಿ ಉಸಿರಿನ ವೇಗವನ್ನು ಅಳೆಯಬೇಕು.

ನಮ್ಮ ಸೀಮೆಯ ಕಾರಣಗಳು

ರೋಗವನ್ನು ಕೆರಳಿಸುವ ವಸ್ತುಗಳು ದೇಶದೇಶಕ್ಕೆ ಬೇರೆ. ನಮ್ಮ ಎರಿನೆಲದ ನಾಲ್ಕು ತಾಲೂಕುಗಳಲ್ಲಿ ಅವು ನಮ್ಮ ಅನ್ನದೊಡನೆ, ದುಡಿಮೆಯೊಡನೆ ಹೆಣೆದುಕೊಂಡಿವೆ.

ಮೊದಲನೆಯದು ಸುಗ್ಗಿ. ಬಿಳಿಜೋಳದ ರಾಶಿಯ ಕಾಲಕ್ಕೆ ಏಳುವ ಸುಂಕು ಮೈಗೆ ಬಿದ್ದರೆ ತುರಿಕೆ, ಎದೆಗೆ ಇಳಿದರೆ ಉಬ್ಬಸ. ತೊಗರಿ, ಕಡಲೆಗಳ ಹೊಟ್ಟೂ ಹಾಗೆಯೇ. ಎತ್ತು ತುಳಿದು ರಾಶಿ ಮಾಡುತ್ತಿದ್ದ ಕಾಲಕ್ಕಿಂತ ಯಂತ್ರದ ರಾಶಿಯಲ್ಲಿ ಧೂಳು ಒಮ್ಮೆಲೇ ಮುಗಿಲಾಗಿ ಏಳುತ್ತದೆ. ಭೀಮಾ, ಕೃಷ್ಣಾ ತೀರಗಳಲ್ಲಿ ನೀರಾವರಿ ಬಂದು ಕಬ್ಬು ಬೆಳೆದಲ್ಲಿ ರವದಿಗೆ ಬೆಂಕಿಯಿಡುವ ರೂಢಿಯೂ ಬಂತು. ಆ ಹೊಗೆ ಊರಿನ ಮೇಲೆ ಹಾಸಿರುತ್ತದೆ.

ಎರಡನೆಯದು ಮನೆ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳುಗಳನ್ನು ಒಟ್ಟಿ ರೊಟ್ಟಿ ಬಡಿಯುವ ಒಲೆಯ ಮುಂದೆ ತಾಯಿಯೂ ಮಗ್ಗುಲಲ್ಲಿ ಮಗುವೂ ಕುಳಿತಿರುತ್ತಾರೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನಿಲದ ಒಲೆ ಅನೇಕ ಮನೆಗಳನ್ನು ಸೇರಿದೆ; ಆದರೂ ಹಲವು ಮನೆಗಳಲ್ಲಿ ಚಹಕ್ಕೆ ಅನಿಲ, ರೊಟ್ಟಿಗೆ ಕಟ್ಟಿಗೆ ಎಂಬ ಪದ್ಧತಿ ಉಳಿದಿದೆ. ಹಳೆಯ ಹಗೇವು ತೆರೆದಾಗ ಬರುವ ಬೂಷ್ಟಿನ ವಾಸನೆ, ಮನೆಯೊಳಗಿನ ಗೋದಲಿಯ ಕಸ, ಅಜ್ಜಿ ಹೊಲಿದ ಕೌದಿಯ ಪದರಗಳಲ್ಲಿ ಮನೆಮಾಡಿಕೊಂಡ ಕಣ್ಣಿಗೆ ಕಾಣದ ಧೂಳುನುಸಿ, ಇವೂ ಕಾರಣಗಳೇ. ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ವರುಷಕ್ಕೊಮ್ಮೆ ಹಬ್ಬಕ್ಕೆ ಮಾತ್ರ ಮಾಡುವುದರ ಬದಲು ಅಡಿಗಡಿಗೆ ಮಾಡಬೇಕು.

ಮೂರನೆಯದು ಬಯಲು. ಜನರು ಕಾಂಗ್ರೆಸ್ ಕಸವೆಂದು ಕರೆಯುವ ಪಾರ್ಥೇನಿಯಂ ಗಿಡ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿತು. ಬಳ್ಳಾರಿ ಜಾಲಿಯೂ ಹೊರನಾಡಿನಿಂದ ಬಂದುದೇ. ಇವೆರಡರ ಪರಾಗವೂ ಸೂಕ್ಷ್ಮಪ್ರಕೃತಿಯವರಿಗೆ ಆಗದು. ನಾಲ್ಕನೆಯದಾಗಿ ಋತುಸಂಧಿ: ಮೃಗಶಿರ ಮಳೆಯ ಮೊದಲ ತಂಪು ಮತ್ತು ಎಳ್ಳಮಾವಾಸ್ಯೆಯ ಸುಮಾರಿನ ಚಳಿ. ಆ ದಿನಗಳಲ್ಲಿ ಹರಡುವ ನೆಗಡಿಯು ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸುವ ಮುಖ್ಯ ಕಾರಣಗಳಲ್ಲೊಂದು.

ಪೂಜೆಯ ವಿಷಯವನ್ನೂ ಸಂಕೋಚವಿಲ್ಲದೆ ಹೇಳಬೇಕು. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಲೋಬಾನ, ಕರ್ಪೂರಗಳ ಹೊಗೆ ತುಂಬಿದರೆ ರೋಗಿಗೆ ತೊಂದರೆಯಾಗುವುದು ನಿಶ್ಚಯ. ಕರಸ್ಥಲದ ಇಷ್ಟಲಿಂಗಕ್ಕೆ ಪತ್ರೆ ಪುಷ್ಪ ವಿಭೂತಿಗಳಿಂದ ಮಾಡಿದ ಪೂಜೆಯಲ್ಲಿ ಭಕ್ತಿ ಕಡಿಮೆಯಾಗುವುದಿಲ್ಲ.

ಶಮನ ಮತ್ತು ತಡೆ

ಔಷಧಿಗಳು ಎರಡು ಬಗೆಯವು. ಸಾಲ್ಬುಟಮಾಲ್ ಮೊದಲಾದವು ಶಮನದ ಮದ್ದು. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸಿ ನಾಲ್ಕಾರು ತಾಸು ನೆಮ್ಮದಿ ಕೊಡುತ್ತವೆ. ಬುಡೆಸೊನೈಡ್ ಮೊದಲಾದ ಉಸಿರಿನ ಸ್ಟೀರಾಯ್ಡುಗಳು ತಡೆಯ ಮದ್ದು. ಒಳಪೊರೆಯ ಉರಿಯನ್ನು ದಿನದಿನಕ್ಕೆ ಆರಿಸುತ್ತ ಬರುತ್ತವೆ. ತಡೆಯ ಮದ್ದಿನ ಗುಣ ಒಡನೆಯೇ ಕಾಣದು. ಕೆಲವು ವಾರ ಬಿಡದೆ ತೆಗೆದುಕೊಂಡಾಗಲೇ ತಿಳಿಯುವುದು. ಆದುದರಿಂದ ಜನ ಮೊದಲನೆಯದನ್ನು ನೆಚ್ಚಿ ಎರಡನೆಯದನ್ನು ಬಿಡುತ್ತಾರೆ. ಆಸರೆಗಂಬ ಯಾವುದೋ ಅದನ್ನೇ ಕಿತ್ತಂತಾಯಿತು. ಅಸ್ತಮಾಕ್ಕಾಗಿ 1993ರಲ್ಲಿ ಸ್ಥಾಪಿತವಾದ ‘ಜೀನಾ’ ಎಂಬ ಜಾಗತಿಕ ತಜ್ಞರ ಸಂಸ್ಥೆಯು 2019ರಲ್ಲಿ ವಯಸ್ಕರಿಗೂ ಹದಿಹರೆಯದವರಿಗೂ ಶಮನದ ಮದ್ದೊಂದನ್ನೇ ಕೊಟ್ಟು ನಿಲ್ಲಿಸಕೂಡದೆಂದು ಸ್ಪಷ್ಟವಾಗಿ ಸಾರಿತು.

ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದಲ್ಲಿದ್ದ ಸಿಂದಗಿ ಕಡೆಯ ಬಾಲಕನೊಬ್ಬನಿಗೆ ಎಳ್ಳಮಾವಾಸ್ಯೆ ಕಳೆದ ಮೇಲೊಂದು ರಾತ್ರಿ ಉಬ್ಬಸ ಏರಿತು. ಜೊತೆಯ ಹುಡುಗರು ಪ್ರೀತಿಯಿಂದಲೇ ಅವನನ್ನು ಮಲಗಿಸಿ, ಕೌದಿ ಹೊದಿಸಿ, ಕಿಟಕಿ ಮುಚ್ಚಿದರು. ಮೂರೂ ಮಾಡಬಾರದ ಕೆಲಸಗಳು. ಆಸ್ಪತ್ರೆಗೆ ಒಯ್ದುದರಿಂದ ಹುಡುಗ ಉಳಿದುಕೊಂಡ. ಅವನ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿ ತಡೆಯ ಪಂಪು ಇತ್ತು. ಏಕೆ ಬಿಟ್ಟೆಯೆಂದು ಕೇಳಿದಾಗ ಅವನು ಹೇಳಿದ್ದು, “ಆರಾಮ ಆಗಿತ್ತಲ್ರೀ ಗುರುಗಳೇ, ಅದಕ್ಕ ಬಿಟ್ಟೆ.” ಏಕೆ ಬಚ್ಚಿಟ್ಟೆಯೆಂಬುದಕ್ಕೆ ಉತ್ತರ ಬರಲಿಲ್ಲ, ತಲೆ ತಗ್ಗಿಸಿದ. ಈ ಲೇಖನದ ವಿಷಯವೆಲ್ಲ ಆ ಒಂದು ಮಾತಿನಲ್ಲಿಯೂ ಆ ಒಂದು ಮೌನದಲ್ಲಿಯೂ ಇದೆ.

ಕೆಲವು ಭ್ರಮೆಗಳು

ಪಂಪು ಬಲವಾದ ಮದ್ದು, ಕಡೆಯ ಮದ್ದು, ಹಿಡಿದರೆ ಬಿಡದು ಎಂಬ ಭಯ ಮನೆಮನೆಯಲ್ಲಿದೆ. ಲೆಕ್ಕ ನೋಡೋಣ. ಸಾಲ್ಬುಟಮಾಲಿನ 4 ಮಿಲಿಗ್ರಾಂ ಗುಳಿಗೆಯಲ್ಲಿ 4,000 ಮೈಕ್ರೋಗ್ರಾಂ ಮದ್ದು. ಸಾಮಾನ್ಯ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಎಂದರೆ ಗುಳಿಗೆಯೊಂದು 40 ಒತ್ತುಗಳಿಗೆ ಸಮ. ಗುಳಿಗೆ ಮೈಯೆಲ್ಲ ಸುತ್ತಿ ಬರುತ್ತದೆ, ಕೈ ನಡುಗಿಸುತ್ತದೆ. ಉಸಿರಿನ ಮದ್ದು ಬೇಕಾದ ಕಡೆಗೇ ಇಳಿಯುತ್ತದೆ. ಇದು ಚಟ ಹತ್ತಿಸುವ ವಸ್ತುವೂ ಅಲ್ಲ. ತಡೆಯ ಮದ್ದು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಮಕ್ಕಳಿಗೆ ‘ಸ್ಪೇಸರ್’ ಎಂಬ ಗಾಳಿಬುರುಡೆಯನ್ನು ಜೋಡಿಸಿ ಕೊಡಬೇಕು. ಇವು ಎರಡು ಮುಖ್ಯ ನಿಯಮಗಳು.

ಪಂಪು ಪರದೇಶದ್ದು ಎಂದು ದೂರ ತಳ್ಳುವವರೂ ಇದ್ದಾರೆ. ಉಸಿರಿನ ರೋಗಕ್ಕೆ ಉಸಿರಿನ ಮೂಲಕವೇ ಮದ್ದು ಕೊಡುವ ವಿಧಾನ ಆಯುರ್ವೇದದಲ್ಲಿ ಧೂಮಪಾನವೆಂಬ ಹೆಸರಿನಿಂದ ಇತ್ತು. ಉಬ್ಬಸಕ್ಕೆ ದತ್ತೂರದ ಹೊಗೆ ಸೇದುವ ಭಾರತೀಯ ರೂಢಿಯನ್ನು 19ನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಕಂಡ ಆಂಗ್ಲ ಸೇನಾಧಿಕಾರಿಯೊಬ್ಬನು ಅದನ್ನು ಬ್ರಿಟನ್ನಿಗೆ ಒಯ್ದನು. ದತ್ತೂರವು ವಿಷ; ಅದನ್ನು ಇಂದು ಯಾರೂ ಸೇದಕೂಡದು. ಅದರಲ್ಲಿರುವ ಅಟ್ರೋಪಿನ್ನನ್ನು ಹೋಲುವ, ಸುರಕ್ಷಿತವಾಗಿ ಸಂಸ್ಕರಿಸಿದ ಮದ್ದುಗಳು ಇಂದು ಪಂಪಿನಲ್ಲಿವೆ. ನಮ್ಮ ಆಡುಸೋಗೆಯ ಸತ್ವದಿಂದಲೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಮದ್ದು ರೂಪುಗೊಂಡಿತು. ವಿದ್ಯೆಗೆ ಸ್ವದೇಶ ಪರದೇಶಗಳ ಗಡಿಯಿಲ್ಲ.

ಮೃಗಶಿರ ಕಾರ್ತಿಯಂದು ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಶಾಕಾಹಾರಿಗಳಿಗೆ ಬೆಲ್ಲದಲ್ಲಿ ಕೊಡುವ ಏರ್ಪಾಡೂ ಅಲ್ಲಿದೆ. ಹಣ ಪಡೆಯದೆ ಕೊಡುವವರ ಸೇವಾಭಾವವನ್ನು ಹಳಿಯುವುದು ಉಚಿತವಲ್ಲ. ಆದರೆ ಅದರಿಂದ ರೋಗ ಗುಣವಾಗುವುದೆಂದು ವೈಜ್ಞಾನಿಕ ಪರೀಕ್ಷೆಯಲ್ಲಿ ಸಿದ್ಧವಾಗಿಲ್ಲ. ಹೋಗಿಬಂದವರು ತಡೆಯ ಮದ್ದನ್ನು ನಿಲ್ಲಿಸಿದರೆ ಅಪಾಯ ದೊಡ್ಡದು. ಮೃಗಶಿರದ ತಂಪಿನಲ್ಲಿಯೇ ರೋಗ ಕೆರಳುವ ಸಂಭವ ಹೆಚ್ಚು.

ರೋಗಿ ಆಟವಾಡಬಾರದೆಂಬುದೂ ಭ್ರಮೆಯೇ. ಅಮೆರಿಕೆಯ ಜಾಕಿ ಜಾಯ್ನರ್ ಕರ್ಸೀ ಎಂಬಾಕೆ ಅಸ್ತಮಾವಿದ್ದೂ 1984ರಿಂದ 1996ರವರೆಗಿನ ಒಲಿಂಪಿಕ್ ಕೂಟಗಳಲ್ಲಿ 3 ಚಿನ್ನವೂ ಸೇರಿ 6 ಪದಕ ಗಳಿಸಿದಳು. ರೋಗ ಅಂಕೆಯಲ್ಲಿದ್ದರೆ ಆಟ ಹಿತವೇ. ಪ್ರಾಣಾಯಾಮವೂ ಒಳ್ಳೆಯದು, ಆದರೆ ಅದು ಮದ್ದಿಗೆ ಜೊತೆಯಾಗಬೇಕು, ಬದಲಾಗಕೂಡದು.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿನ. ಲಗ್ನ ತಪ್ಪೀತೆಂದು ತವರಿನವರು ರೋಗವನ್ನು ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಸೊಸೆ ಪಂಪನ್ನು ಮುಚ್ಚಿಡುತ್ತಾಳೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವಳೂ ಅವಳೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 26.2 ಕೋಟಿ ಜನರಿಗೆ ಅಸ್ತಮಾ ಇತ್ತು, 4.55 ಲಕ್ಷ ಜನ ಅದರಿಂದ ಸತ್ತರು. ರೋಗನಿರ್ಣಯವೂ ಮದ್ದೂ ಸರಿಯಾಗಿ ದೊರೆಯದ ಬಡದೇಶಗಳಲ್ಲಿಯೇ ಸಾವು ಹೆಚ್ಚು. ಈ ಸಾವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದಾಗಿತ್ತೆಂಬುದೇ ಇಲ್ಲಿಯ ದುಃಖ.

ಶಾಲೆಯ ಕರ್ತವ್ಯ

ಶರಣರು ಶರೀರವನ್ನು ಹೀನವೆಂದು ಕಾಣಲಿಲ್ಲ, ಪ್ರಸಾದಕಾಯವೆಂದು ಕಂಡರು. ಕಾಯಕಕ್ಕೆ ಕಾಯ ಬೇಕು, ಕಾಯಕ್ಕೆ ಉಸಿರು ಬೇಕು. ಬಸವಣ್ಣನವರು ಜನಿಸಿದ ನೆಲದಲ್ಲಿ ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯಕ್ಕೆ ಈ ಮಾತು ಉಪದೇಶವಾಗಿ ಉಳಿಯದೆ ಆಚರಣೆಯಾಗಬೇಕು.

ಅಧ್ಯಾಪಕರು ಮಾಡಬೇಕಾದುದು ಹೆಚ್ಚೇನಿಲ್ಲ. ಕೋಣೆಗಳನ್ನು ಮಕ್ಕಳಿಲ್ಲದಾಗ, ನೀರು ಚಿಮುಕಿಸಿ ಗುಡಿಸಬೇಕು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ರಾತ್ರಿ ಕೆಮ್ಮುವ, ಓಡಿದರೆ ಏದುವ, ಅಡಿಗಡಿಗೆ ಶಾಲೆ ತಪ್ಪಿಸುವ ಮಗುವನ್ನು ಸೋಮಾರಿಯೆನ್ನದೆ ವೈದ್ಯರಿಗೆ ತೋರಿಸಲು ಪಾಲಕರಿಗೆ ಹೇಳಬೇಕು. ಪಂಪು ಕನ್ನಡಕದಂತೆಯೇ ಒಂದು ಸಾಧನವೆಂದು ವರ್ಗದಲ್ಲಿ ಎಲ್ಲರೆದುರು ಒಮ್ಮೆ ಹೇಳಿದರೆ, ಟ್ರಂಕಿನ ತಳದಲ್ಲಿ ಬಚ್ಚಿಡುವ ಮಕ್ಕಳು ಅದನ್ನು ಕಿಸೆಯಲ್ಲಿ ಇಟ್ಟುಕೊಂಡಾರು.

ಉಬ್ಬಸ ಏರಿದಾಗ ರೋಗಿಯನ್ನು ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ಗಾಳಿಯಾಡಲು ಬಿಟ್ಟು, ಧೈರ್ಯ ಹೇಳಬೇಕು. ಶಮನದ ಪಂಪನ್ನು ಸ್ಪೇಸರಿನ ಮೂಲಕ ಒಂದೊಂದಾಗಿ 4 ಒತ್ತು ಕೊಟ್ಟು, 4 ನಿಮಿಷ ಕಾದು, ಇಳಿಯದಿದ್ದರೆ ಮತ್ತೆ 4 ಕೊಡಬೇಕು. ಆಗಲೂ ಇಳಿಯದಿದ್ದರೆ, ಅಥವಾ ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ಕ್ಷಣವೂ ತಡೆಯದೆ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೂ ಮದ್ದನ್ನು ಹೀಗೆಯೇ ಮುಂದುವರಿಸಬೇಕು. ಸಿಳ್ಳು ಒಮ್ಮೆಲೇ ನಿಂತು ರೋಗಿ ಮಂಕಾದರೆ ಗುಣವಾಯಿತೆಂದು ತಿಳಿಯಬಾರದು. ಗಾಳಿಯೇ ಆಡದಿರುವ ಘೋರಸ್ಥಿತಿ ಅದು.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಅದು ಯೋಗ್ಯವೇ. ಆದರೆ ದಾಸೋಹದ ಅಡುಗೆಮನೆಗೆ ಹೊಗೆಯಿಲ್ಲದ ಒಲೆ, ಪ್ರಸಾದನಿಲಯದ ಕೋಣೆಗೆ ಇನ್ನೊಂದು ಕಿಟಕಿ, ಕಚೇರಿಯ ಕಪಾಟಿನಲ್ಲಿ ವೈದ್ಯರ ಸಲಹೆಯಂತೆ ಇರಿಸಿದ ಒಂದು ಶಮನದ ಪಂಪು ಮತ್ತು ಸ್ಪೇಸರ್, ವರುಷಕ್ಕೊಮ್ಮೆ ಮಕ್ಕಳೆಲ್ಲರ ಉಸಿರಿನ ತಪಾಸಣೆ, ಇವೂ ದಾಸೋಹವೇ. ಇವಕ್ಕೆ ತಗಲುವ ವೆಚ್ಚ ಅಲ್ಪ.

ಗೂರಲಿಗೆ ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಅಂಕೆಯಲ್ಲಿಡುವ ಮದ್ದು ನಮ್ಮ ಕೈಯಲ್ಲಿದೆ. ಆರಾಮವಾಗಿರುವ ದಿನಗಳಲ್ಲಿಯೂ ಅದನ್ನು ಬಿಡದಿರುವ ವಿವೇಕ, ನಾಚದೆ ಬಳಸುವ ಧೈರ್ಯ, ಇವೆರಡನ್ನೂ ಮಕ್ಕಳಿಗೆ ಕಲಿಸಬೇಕಾದವರು ನಾವು. ಈ ವಿದ್ಯಾಲಯದ ಅಂಗಳದಲ್ಲಿ ಆಡುವ ಪ್ರತಿಯೊಂದು ಮಗುವಿನ ಉಸಿರೂ ಸರಾಗವಾಗಿರಲೆಂದು ಹಾರೈಸಿ ವಿರಮಿಸುತ್ತೇನೆ.